ಅರ್ಧ ಫೀಸಿನ ಡಿಪ್ಲೊಮಾ: ಪಾವಗಡ ಕಡೆಯ ಅಂಗನವಾಡಿ ಟೀಚರ್ ಒಬ್ಬರ ಪ್ರಕರಣ

ಗುರುತು ಸಿಗಬಾರದು ಅಂತ ವಯಸ್ಸು, ಊರು, ಮನೆಯ ವಿವರ ಸ್ವಲ್ಪ ಬದಲಾಯಿಸಿದ್ದೇನೆ. ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಪಾವಗಡ ಕಡೆಯ ಹಟ್ಟಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ವಯಸ್ಸು ಮೂವತ್ತೈದರ ಆಸುಪಾಸು. ಪಿಯುಸಿ ಪಾಸ್, ಸರ್ವಿಸ್ ಹತ್ತು ವರ್ಷ ದಾಟಿದೆ. ರಾತ್ರಿ ನಿದ್ದೆ ಬರೋದಿಲ್ಲ, ಎದೆ ಡವಡವ ಅನ್ನುತ್ತೆ ಅಂತ ಆಸ್ಪತ್ರೆಗೆ ಹೋಗಿದ್ದರು. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಅಲ್ಲಿನ ಸಿಸ್ಟರ್ ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಕಳಿಸಿದರು.

ಮೊದಲ ಸಲ ಬಂದಾಗ ಪೋಷಣ್ ಟ್ರ್ಯಾಕರ್ ಆ್ಯಪು, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಮೊಟ್ಟೆ ಲೆಕ್ಕ ಅಂತಲೇ ಮಾತಾಡಿದರು. ಎಲ್ಲ ನಿಜವಾದ ತಲೆನೋವೇ. ಆದರೆ ಅವು ವರ್ಷಗಳಿಂದಲೂ ಇವೆ, ನಿದ್ದೆ ಕೆಟ್ಟಿದ್ದು ಎರಡು ತಿಂಗಳಿಂದ. ಅದನ್ನು ಕೇಳಿದ ಮೇಲೆ ವ್ಯಾನಿಟಿ ಬ್ಯಾಗಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಕರಪತ್ರ ತೆಗೆದರು.

ಶಿಶು ಶಿಕ್ಷಣದಲ್ಲಿ ಒಂದು ವರ್ಷದ ಡಿಪ್ಲೊಮಾ. ಫೀಸು 48,000, ಅದಕ್ಕೆ ಅಡ್ಡ ಗೀಟು, ಕೆಳಗೆ ಕೆಂಪಕ್ಷರದಲ್ಲಿ 24,000. ಪಕ್ಕದಲ್ಲಿ 'ಅಂಗನವಾಡಿ ಟೀಚರ್‌ಗಳಿಗೆ ಮಾತ್ರ ಸಬ್ಸಿಡಿ, ಶನಿವಾರ ಕೊನೆ ದಿನ'. ಮೂಲೆಯಲ್ಲಿ 'ಸರ್ಕಾರದಿಂದ ನೋಂದಾಯಿತ' ಅಂತ ಒಂದು ನಂಬರು. ಈ ಡಿಪ್ಲೊಮಾ ಇಲ್ಲದಿದ್ದರೆ ಮುಂದೆ ಕೆಲಸವೇ ಇರಲ್ಲ, ಇದ್ದರೆ ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಗ್ಯಾರಂಟಿ ತೆಗೆದುಕೊಳ್ತಾರೆ ಅಂತ ಸಂಸ್ಥೆಯವರು ಹೇಳಿದ್ದರಂತೆ. ಆಕೆ ಸಂಘದಲ್ಲಿ ಸಾಲ ತೆಗೆದು 12,000 ಕಟ್ಟಿ ಬಂದಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ವಾರಕ್ಕೊಮ್ಮೆ ಸಾಲದ ಕಂತು ಕಟ್ಟುವ ದಿನ ಬಂದರೆ ಎದೆ ಡವಡವ.

ಈ ಭಯವನ್ನು ಸಂಸ್ಥೆಯವರು ಹುಟ್ಟಿಸಿದ್ದಲ್ಲ, ಇದ್ದದ್ದನ್ನು ಬಳಸಿಕೊಂಡರು ಅಷ್ಟೆ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರುವಾದರೆ ಅಂಗನವಾಡಿಗೆ ಮಕ್ಕಳೆಲ್ಲಿ ಅಂತ 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಒಂದು ಮಾತಿದೆ: ಪಿಯುಸಿ ಅಥವಾ ಅದಕ್ಕಿಂತ ಜಾಸ್ತಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಆದರೆ ಅದೇ ನೀತಿ ಇದನ್ನು ಕೆಲಸಕ್ಕೆ ತೊಂದರೆಯಾಗದ ಹಾಗೆ ಡಿಟಿಎಚ್ ಚಾನೆಲ್, ಸ್ಮಾರ್ಟ್‌ಫೋನ್ ಮೂಲಕ ಕೊಡಬಹುದು ಅನ್ನುತ್ತದೆ. ಖಾಸಗಿ ಸಂಸ್ಥೆಗೆ ಹೋಗಿ ಸ್ವಂತ ದುಡ್ಡಲ್ಲಿ ಮಾಡಿಕೊಂಡು ಬನ್ನಿ ಅಂತ ಎಲ್ಲೂ ಹೇಳಿಲ್ಲ. ಪಿಯುಸಿ ಆದ ಈಕೆಗೆ ಆ ಲೆಕ್ಕದಲ್ಲಿ ಆರು ತಿಂಗಳದ್ದೇ ಸಾಕು, ಕರಪತ್ರದವರು ಒಂದು ವರ್ಷದ್ದು ಮಾರಿದ್ದರು!

ಮೂಲೆಯ ನಂಬರಿನ ಕಥೆ ಇನ್ನೂ ಚೆನ್ನಾಗಿತ್ತು. ಅದು ಟ್ರಸ್ಟಿನ ನೋಂದಣಿ ಸಂಖ್ಯೆ. ಟ್ರಸ್ಟನ್ನು ಯಾರು ಬೇಕಾದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬಹುದು, ಅದರಿಂದ ಕೋರ್ಸಿಗೆ ಮಾನ್ಯತೆ ಬರೋದಿಲ್ಲ. ಪ್ರಿಸ್ಕೂಲ್ ಶಿಕ್ಷಕಿಯರ ಡಿಪ್ಲೊಮಾ, ಅಂದರೆ ಡಿಪಿಎಸ್‌ಇ, ಎರಡು ವರ್ಷದ್ದು. ಅದಕ್ಕೆ ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ ಮಾನ್ಯತೆ ಬೇಕು, ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಇಬ್ಬರೂ ಕೂತು ಹುಡುಕಿದೆವು. ಇವರು ದುಡ್ಡು ಕಟ್ಟಿದ ಸಂಸ್ಥೆಯ ಹೆಸರು ಇರಲಿಲ್ಲ.

ಸಬ್ಸಿಡಿ ನಿಜವಾ ಅಂತ ತಿಳಿಯೋಕೆ ನಾನು ಕೇಳುವ ಪ್ರಶ್ನೆ ಒಂದೇ. ದುಡ್ಡು ಯಾರು ತುಂಬುತ್ತಿದ್ದಾರೆ? ನಿಜವಾದ ರಿಯಾಯಿತಿಗೆ ಒಂದು ಆದೇಶ ಇರುತ್ತದೆ, ಇಲ್ಲವೇ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್‌ನಲ್ಲಿ ಯಾವ ವರ್ಗಕ್ಕೆ ಎಷ್ಟು ಅಂತ ಬರೆದಿರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲಿ ಏನೂ ಕೇಳಿಲ್ಲ, ಆಧಾರ್ ಜೆರಾಕ್ಸ್ ಬಿಟ್ಟರೆ. ಪಕ್ಕದ ಊರಿನ ಕಾರ್ಯಕರ್ತೆ ಹಿಂದಿನ ವರ್ಷ ಕಟ್ಟಿದ್ದೂ 24,000ವೇ. 48,000 ಕಟ್ಟಿದವರು ಯಾರೂ ಇಲ್ಲ.

ಎರಡನೇ ಸಲ ಬಂದಾಗ ಆಕೆಗೆ ಏನು ಬೇಕು ಅಂತ ಕೇಳಿದೆ. ಎಲ್‌ಕೆಜಿ ಕೆಲಸವಾ? ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಲ್ಲ ಮೇಡಂ. ಮೀಟಿಂಗಲ್ಲಿ ಒಬ್ಬರು ನಮ್ಮನ್ನ ಉಪ್ಪಿಟ್ಟು ಹಂಚೋರು ಅಂದ್ರು. ಎಲ್ಲರೂ ನಕ್ಕರು" ಅಂದರು.

ಹಾಗಾದರೆ ನಿಮ್ಮ ಕೇಂದ್ರದಲ್ಲಿ ಬೆಳಗ್ಗೆ ಏನು ಮಾಡಿಸ್ತೀರಿ ಹೇಳಿ ಅಂದೆ. ಹೇಳುತ್ತಾ ಹೇಳುತ್ತಾ ಆಕೆಯ ದನಿಯೇ ಬೇರೆಯಾಯಿತು. ಆ ಕಡೆ ಮನೆಮಾತು ತೆಲುಗು. ಹೊಸದಾಗಿ ಬರುವ ಮಕ್ಕಳಿಗೆ ಕನ್ನಡ ತಿಳಿಯೋದಿಲ್ಲ, ಹಾಗಾಗಿ ಕಥೆಯನ್ನು ತೆಲುಗಲ್ಲೇ ಶುರು ಮಾಡಿ ದಿನದಿನಕ್ಕೆ ಕನ್ನಡ ಸೇರಿಸುತ್ತಾ ಹೋಗುತ್ತಾರಂತೆ. ಹುಣಸೆ ಬೀಜ, ಹೊಂಗೆ ಬೀಜ, ಕಡ್ಲೆಕಾಯಿ ಸಿಪ್ಪೆ ಎಲ್ಲ ಒಂದು ಮೊರದಲ್ಲಿ ಕಲಸಿಟ್ಟು, ನೋಡಿ ಬೇರೆ ಮಾಡಿ ಅನ್ನುತ್ತಾರೆ. ಅದಾದ ಮೇಲೆ ಕಣ್ಣು ಮುಚ್ಚಿ, ಬರೀ ಮುಟ್ಟಿ ಬೇರೆ ಮಾಡೋದು. ನಾಲ್ಕು ವರ್ಷದ ಒಬ್ಬ ಹುಡುಗ ಸಿಪ್ಪೆಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗೆ ಬೀಜ ಇದೆಯಾ ಅಂತ ನೋಡ್ತಾನಂತೆ, ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಇದನ್ನೇ ಅಲ್ವಾ ಶಿಶು ಶಿಕ್ಷಣದ ಕೋರ್ಸುಗಳು ಕಲಿಸೋದು? ಮನೆಮಾತಿನಿಂದ ಶುರು ಮಾಡು, ಕೈಗೆ ಸಿಗುವ ವಸ್ತುವಿನಿಂದ ಆಡಿಸು. ಇದನ್ನು ಆಕೆಗೆ ನೇರವಾಗಿ ಹೇಳಿದೆ. ನಿಮಗೆ ಕಮ್ಮಿ ಇರೋದು ಕಾಗದ ಮಾತ್ರ. ಅದಕ್ಕೇ ಕಾಗದ ತೆಗೆದುಕೊಳ್ಳುವಾಗ ಮೋಸ ಹೋಗಬೇಡಿ.

ಆಮೇಲೆ ಕೊಟ್ಟ ಸಲಹೆ ಇಷ್ಟು. ಫೀಸಿನ ಎರಡನೇ ಕಂತು ಕಟ್ಟಬೇಡಿ. ಸರ್ಟಿಫಿಕೇಟ್ ಕೊಡುವ ವಿಶ್ವವಿದ್ಯಾಲಯ ಯಾವುದು, ಮಾನ್ಯತೆಯ ಪತ್ರ ಎಲ್ಲಿ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಕಟ್ಟಿದ ದುಡ್ಡು ವಾಪಸ್ ಕೇಳಿ, ರಸೀದಿ ಜೋಪಾನ. ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಓದಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯೇ ಇತ್ತು. ಆಕೆಗೆ ಡಿಪ್ಲೊಮಾಕ್ಕಿಂತ ಡಿಗ್ರಿ ಮುಖ್ಯ. ಕೇಂದ್ರದ 2022ರ ಸಕ್ಷಮ್ ಅಂಗನವಾಡಿ ಮಾರ್ಗಸೂಚಿ ಪ್ರಕಾರ ಮೇಲ್ವಿಚಾರಕಿ ಹುದ್ದೆಗಳಲ್ಲಿ ಶೇ 50ರಷ್ಟನ್ನು 5 ವರ್ಷ ಅನುಭವ ಇರುವ ಕಾರ್ಯಕರ್ತೆಯರಿಗೆ ಬಡ್ತಿ ಕೊಟ್ಟು ತುಂಬಬೇಕು, ಉಳಿದ ಅರ್ಹತೆ ಇದ್ದರೆ. ಅನುಭವ ಇವರ ಹತ್ತಿರ ಬೇಕಾದಷ್ಟಿದೆ, ಪದವಿ ಇಲ್ಲ. ಆದರೆ ಯಾವ ವಿಷಯದ ಪದವಿ ನಡೆಯುತ್ತೆ ಅನ್ನೋದನ್ನು ನೇಮಕಾತಿ ನಿಯಮ ನೋಡಿಯೇ ತಿಳಿಯಬೇಕು. ಅದನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಆಫೀಸಿನಲ್ಲಿ ಕೇಳಿ ಬರೆದುಕೊಂಡು, ಆಮೇಲೆ ವಿಷಯ ಆರಿಸಿ ಅಂದೆ. ಸುಮ್ನೆ ಯಾವುದೋ ಬಿಎ ಮಾಡಿ ಮೂರು ವರ್ಷ ಕಳೆಯೋದು ಬೇಡ.

ಶಿಶು ಶಿಕ್ಷಣದ್ದೇ ಬೇಕು ಅಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಪಿಯುಸಿ ಆದವರಿಗೆ ಡಿಪ್ಲೊಮಾ ಇದೆ, ಆದರೆ ಸೇರುವ ಮೊದಲು ಪುಸ್ತಕ ಯಾವ ಭಾಷೆಯಲ್ಲಿ ಬರುತ್ತೆ ಕೇಳಿ. ಇನ್ನು ಇಲಾಖೆಯ 'ಪೋಷಣ್ ಭೀ ಪಢಾಯಿ ಭೀ' ತರಬೇತಿಗೆ ಫೀಸಿಲ್ಲ. 3ರಿಂದ 6 ವರ್ಷದ ಮಕ್ಕಳಿಗೆ 2024ರಲ್ಲಿ ಬಂದ ಆಧಾರಶಿಲಾ ಪಠ್ಯಕ್ರಮವೂ ಇದೆ. ಮೊರದ ಆಟದ ಫೋಟೊ ತೆಗೆದು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿ ಅಂತಲೂ ಹೇಳಿದೆ. ಮುಂದೆ ಯಾವ ಕೋರ್ಸಿಗೆ ಸೇರಿದರೂ ಪ್ರಾಯೋಗಿಕ ಕೆಲಸಕ್ಕೆ ಬರುತ್ತೆ, ಮೀಟಿಂಗಲ್ಲೂ ಬರುತ್ತೆ.

ಮೂರನೇ ಸಲ ಗಂಡನನ್ನೂ ಕರೆಸಿಕೊಂಡೆ. ಸಾಲದ ವಿಷಯ ಆಕೆಯೇ ಹೇಳಿದರು, ನಾನು ಪಕ್ಕದಲ್ಲಿದ್ದೆ ಅಷ್ಟೆ. ಆತನಿಗೆ ಸಿಟ್ಟು ಬಂತು, ಬರಲಿ ಬಿಡಿ. ಸಿಟ್ಟು ಇಳಿದ ಮೇಲೆ ಕೇಳಿದ್ದು ಸರಿಯಾದ ಪ್ರಶ್ನೆ: "ಓಪನ್ ಯೂನಿವರ್ಸಿಟಿ ಡಿಗ್ರಿ ನಡೆಯಲ್ಲ ಅಂತಾರಲ್ಲ ಮೇಡಂ?" ನಮ್ಮ ಕಡೆ ಈ ಮಾತು ಇನ್ನೂ ಹೋಗಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ವಾಪಸ್ ಪಡೆದಿತ್ತು, 2018ರಲ್ಲಿ ಮತ್ತೆ ಕೊಟ್ಟಿತು. ಸೇರುವ ವರ್ಷ, ಸೇರುವ ಕೋರ್ಸು ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಪಟ್ಟಿಯಲ್ಲಿದೆಯಾ ನೋಡಿಕೊಂಡರೆ ಸಾಕು. 2024ರಿಂದ ದೂರಶಿಕ್ಷಣಕ್ಕೆ ಸೇರಲು ಡಿಇಬಿ ಐಡಿ ಬೇಕು, ಅದನ್ನೂ ಮಾಡಿಸಬೇಕು.

ದುಡ್ಡಿನ ಲೆಕ್ಕ ಹಾಕಿದಾಗ ಗೃಹಲಕ್ಷ್ಮಿಯ 2,000 ರೂಪಾಯಿ ನೆನಪಾಯಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ಬರೋದು ಅವರ ಖಾತೆಗೆ. ಕೇಳೋದು ಹೇಗೆ ಅಂತ ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಮಗನೇ ಕೇಳಲಿ ಅಂತ ತೀರ್ಮಾನ ಆಯಿತು. ರಿಯಾಯಿತಿ ಬರುತ್ತೆ ಅಂತ ನಂಬಿ ಇನ್ನೊಂದು ಸಾಲ ಮಾಡಬೇಡಿ ಅಂತ ಮಾತ್ರ ಖಡಕ್ಕಾಗಿ ಹೇಳಿದೆ. ಸ್ಕಾಲರ್‌ಶಿಪ್ ದುಡ್ಡು ಖಾತೆಗೆ ಬೀಳೋದು ಸಾಮಾನ್ಯವಾಗಿ ಆಮೇಲೆ, ಫೀಸು ಕಟ್ಟೋದು ಮೊದಲು.

ತುಮಕೂರಿಗೆ ಬಂದುಹೋಗುವ ಖರ್ಚೂ ಲೆಕ್ಕಕ್ಕೆ ಬಂತು. ಮಧುಗಿರಿ, ಕೊರಟಗೆರೆ ಮೇಲೆ ಸರ್ಕಾರಿ ಬಸ್ಸಲ್ಲಿ ಬಂದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಖಾಸಗಿ ಬಸ್ಸು ಹತ್ತಿದರೆ ಇದೆ. ಶನಿವಾರ ಮಾತ್ರ ಶನಿಮಹಾತ್ಮನ ದರ್ಶನಕ್ಕೆ ಬಂದವರಿಂದ ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ ಅಂತ ಆಕೆಯೇ ನಕ್ಕರು.

ಸಂಸ್ಥೆಯವರು ಮೊದಲು ಫೋನ್ ಎತ್ತಲಿಲ್ಲ. ಕಾನೂನು ಸೇವಾ ಪ್ರಾಧಿಕಾರದ ವಕೀಲರಿಂದ ಒಂದು ನೋಟಿಸ್ ಹೋದ ಮೇಲೆ 7,000 ವಾಪಸ್ ಕೊಟ್ಟರು, ಉಳಿದದ್ದು 'ಪುಸ್ತಕದ ಖರ್ಚು' ಅಂದರು. ಪುಸ್ತಕ ಕೊಟ್ಟೇ ಇಲ್ಲ, ಅದಕ್ಕೆ ಬಾಕಿ ದುಡ್ಡಿಗೂ ಪತ್ರ ಬರೆದಿದ್ದಾರೆ. ಸಂಘದ ಕಂತನ್ನು ಈಗ ಗಂಡನೇ ಹೋಗಿ ಕಟ್ಟಿ ಬರುತ್ತಾರೆ. ನಿದ್ದೆ ಪರವಾಗಿಲ್ಲವಂತೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದಾರೆ, ಡಿಗ್ರಿ ಅಡ್ಮಿಷನ್ ಶುರುವಾದ ಕೂಡಲೇ ಫಾರಂ ತುಂಬೋಕೆ ಬರ್ತೀನಿ ಅಂದಿದ್ದಾರೆ.