ಕರೆದೊಯ್ದವರು ಯಾರು?

ಪ್ರಿಯರೆ,

ನೇಪಾಳದ ಮಾವೋವಾದಿ ಬಂಡಾಯವನ್ನು ಕುರಿತ ನಿಮ್ಮ ಲೇಖನ ತಲುಪಿದೆ. ಡೊಂಬಿವಲಿಯ ನಿಮ್ಮ ಕಟ್ಟಡದ ವಾಚ್‌ಮನ್ ನೇಪಾಳದ ರೋಲ್ಪಾ ಜಿಲ್ಲೆಯವರೆಂದು ತಿಳಿದು, ಅವರನ್ನು ಮಾತಿಗೆಳೆದು ಬರೆದದ್ದು ಮೆಚ್ಚತಕ್ಕದ್ದು, ಭಾಷೆಯೂ ಶುದ್ಧವಾಗಿದೆ. ಆದರೆ ಓದುತ್ತ ಹೋದಂತೆ ನನಗೆ ಸಿಟ್ಟು ಬಂತು. ಹತ್ತು ವರ್ಷ ನಡೆದ ಯುದ್ಧದಲ್ಲಿ ಯಾರೊಬ್ಬರೂ ಯಾರನ್ನೂ ಕೊಂದಂತೆ ನಿಮ್ಮ ವಾಕ್ಯಗಳಿಂದ ತೋರುವುದೇ ಇಲ್ಲ.

ಮೊದಲ ಸಾಲನ್ನೇ ನೋಡಿ: "1996ರ ಫೆಬ್ರವರಿಯಲ್ಲಿ ಹಿಂಸೆ ಭುಗಿಲೆದ್ದಿತು." ತಾನಾಗಿ ಭುಗಿಲೇಳಲು ಅದೇನು ಕಾಡುಗಿಚ್ಚೇ? ಹಿಂದಿನ ವರ್ಷವೇ ಪೊಲೀಸರು 'ಆಪರೇಷನ್ ರೋಮಿಯೊ' ಹೆಸರಿನಲ್ಲಿ ರೋಲ್ಪಾದ ಹಳ್ಳಿಗರನ್ನು ಬಂಧಿಸಿ ಹಿಂಸಿಸಿದ್ದರು. ಫೆಬ್ರವರಿ 4ರಂದು ಮಾವೋವಾದಿ ನಾಯಕ ಬಾಬುರಾಮ್ ಭಟ್ಟರಾಯ್ ಅವರು ಪ್ರಧಾನಿ ಶೇರ್ ಬಹಾದುರ್ ದೇವುಬಾ ಅವರಿಗೆ 40 ಬೇಡಿಕೆಗಳ ಪಟ್ಟಿ ಸಲ್ಲಿಸಿ 17ರವರೆಗೆ ಗಡುವು ಕೊಟ್ಟರು. ಅದು ಮುಗಿಯುವ ಮೊದಲೇ, 13ರಂದು, ಅವರ ಪಕ್ಷದವರು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು.

ಮುಂದೆ, "ಅಮಾಯಕರು ಉಭಯ ಬಣಗಳ ನಡುವೆ ಸಿಲುಕಿ ಬಲಿಯಾದರು" ಎಂದಿದ್ದೀರಿ. 2005ರ ಜೂನ್‌ನಲ್ಲಿ ಚಿತವನ ಜಿಲ್ಲೆಯ ಮಾಡಿ ಎಂಬಲ್ಲಿ, ಕೆಲವು ಸೈನಿಕರೂ ಹತ್ತಿದ್ದ ಪ್ರಯಾಣಿಕರ ಬಸ್ಸನ್ನು ಸ್ಫೋಟಿಸಿ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದವರು ಮಾವೋವಾದಿಗಳು. 2003ರಲ್ಲಿ ಕಠ್ಮಂಡುವಿನ ಮಹಾರಾಜ್‌ಗಂಜ್ ಸೇನಾಶಿಬಿರದಲ್ಲಿ ಬಂಧಿತರಾಗಿದ್ದ 49 ಮಂದಿ ಮತ್ತೆ ಪತ್ತೆಯಾಗಲಿಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2006ರಲ್ಲಿ ವರದಿ ಮಾಡಿತು. ಇವರಲ್ಲಿ ಯಾರೂ ನಡುವೆ ಸಿಲುಕಿದವರಲ್ಲ.

ಗಿರಣಿ ಮುಷ್ಕರದ ದಿನಗಳಲ್ಲಿ ನಾನು ಮುಂಬೈ ಫೋರ್ಟಿನ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. "ಲಾಠಿಪ್ರಹಾರ ನಡೆಯಿತು", "ಕಲ್ಲುತೂರಾಟವಾಯಿತು" ಎಂದು ಬರೆದುಕೊಟ್ಟರೆ ಅಲ್ಲಿನ ಹಿರಿಯ ಉಪಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಿಂದ "ಯಾರು?" ಎಂದಷ್ಟೇ ಬರೆದು ಹಿಂದಿರುಗಿಸುತ್ತಿದ್ದರು. ಕೊನೆಯ ಲೋಕಲ್ ರೈಲು ತಪ್ಪಿದರೂ ಸರಿಯೆ, ಠಾಣೆಗೂ ಯೂನಿಯನ್ನಿಗೂ ಫೋನು ಮಾಡಿ ವಿಚಾರಿಸಿದ ಹೊರತು ಅವರು ಸುದ್ದಿಯನ್ನು ಮೊಳೆ ಜೋಡಿಸಲು ಬಿಡುತ್ತಿರಲಿಲ್ಲ. ಆಗ ಅವರು ನನಗೆ ಸೈತಾನನಂತೆ ಕಾಣುತ್ತಿದ್ದರೆಂಬುದೂ ನಿಜ.

ಅವರಿದ್ದಿದ್ದರೆ ನಿಮ್ಮ ಐದನೆಯ ಪುಟದಲ್ಲಿ ನಿಂತುಬಿಡುತ್ತಿದ್ದರು: "ವಾಚ್‌ಮನ್‌ರ ಅಣ್ಣನನ್ನು ಒಂದು ರಾತ್ರಿ ಕರೆದೊಯ್ಯಲಾಯಿತು." ಪೊಲೀಸರೇ, ಸೈನಿಕರೇ, ಪಕ್ಷದ ಹುಡುಗರೇ? ಬಾಗಿಲು ತೆರೆದ ಮನೆಯವರಿಗೆ ಅದು ತಿಳಿಯದೆ ಇರುವುದಿಲ್ಲ. ನೀವು ಕೇಳಿದಿರೋ ಇಲ್ಲವೋ ಎಂಬುದು ಲೇಖನದಿಂದ ಗೊತ್ತಾಗುವುದಿಲ್ಲ. ಊರಿನಲ್ಲಿ ಇನ್ನೂ ಬಂಧುಗಳಿದ್ದಾರೆಂದು ವಾಚ್‌ಮನ್ ಹೇಳಲು ಅಂಜಿದರೆ, ಹಳ್ಳಿಯ ಹೆಸರನ್ನು ಬಿಟ್ಟು, ಅವರು ಅಂಜಿದ್ದನ್ನೇ ಬರೆಯಿರಿ.

ಶಾಂತಿ ಒಪ್ಪಂದದ ಭಾಗದ ಬಗ್ಗೆ ಸದ್ಯಕ್ಕೆ ಏನೂ ಹೇಳುವುದಿಲ್ಲ. ಈ ಮೂರು ಕಡೆ ತಿದ್ದಿ ಮತ್ತೆ ಕಳಿಸಿ.

ಇತಿ,
ಸಂಪಾದಕ