ಮೊಳೆಯದ ಬೀಜದ ಪ್ರಾಜೆಕ್ಟ್

ಟರ್ಮ್ ಮುಗಿಯುವ ಹೊತ್ತಿಗೆ ನನ್ನ ಬಳಿ ಬರುವ ತಂದೆತಾಯಿಯರಲ್ಲಿ ಹಲವರ ದೂರು ಒಂದೇ: "ಪ್ರಾಜೆಕ್ಟ್ ಅಂದರೆ ಸಾಕು, ಮಗು ಮುಟ್ಟೋದೇ ಇಲ್ಲ ಮೇಡಂ. ಕೊನೆಗೆ ರಾತ್ರಿ ಕೂತು ನಾವೇ ಮುಗಿಸಬೇಕು." ಅದು ಸೋಮಾರಿತನ ಅಥವಾ ಏಕಾಗ್ರತೆಯ ಕೊರತೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಈ ಪ್ರಕರಣ ಬರೆಯುತ್ತಿರುವುದು ಅಂಥವರಿಗಾಗಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ ಎಂಟು ವರ್ಷ, ಮೂರನೇ ತರಗತಿ. ಮನೆಗೆ ಪ್ರಾಜೆಕ್ಟ್ ಕೊಟ್ಟ ದಿನದಿಂದ ಹೊಟ್ಟೆನೋವು ಶುರು. ಬಲವಂತ ಮಾಡಿದರೆ ಹಾಳೆ ಹರಿದು ಹಾಕುತ್ತಾನೆ. ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕೆಂದು ತಂದೆತಾಯಿ ಬಂದಿದ್ದರು. ಹೊಟ್ಟೆನೋವಿಗೆ ವೈದ್ಯರನ್ನು ಆಗಲೇ ಕಂಡಿದ್ದರು, ಏನೂ ಸಿಕ್ಕಿರಲಿಲ್ಲ. ನಾನು ಮೊದಲು ಕೇಳಿದ್ದು ಅವನ ಶಾಲೆಯ ನೋಟ್ ಪುಸ್ತಕಗಳನ್ನು. ತರಗತಿಯಲ್ಲಿ ಬರೆದದ್ದೆಲ್ಲ ಅಚ್ಚುಕಟ್ಟಾಗಿತ್ತು, ಓದೂ ಸರಾಗ. ಓದು ಬರಹದಲ್ಲಿ ನಿಜವಾದ ತೊಡಕಿದ್ದರೆ ಅದು ಮನೆ, ಶಾಲೆ ಎಂದು ಜಾಗ ನೋಡಿ ಬರುವುದಿಲ್ಲ. ಇವನ ಹಟ ಮನೆಯ ಪ್ರಾಜೆಕ್ಟಿನ ಮೇಲೆ ಮಾತ್ರ. ಹಾಗಾಗಿ ಪರೀಕ್ಷೆಯನ್ನು ಮುಂದಕ್ಕೆ ಹಾಕಿ, ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡೆ.

ಹುಡುಗನಿಗೆ ಒಂದು ಹಾಳೆ ಕೊಟ್ಟು, ಹೋದ ಟರ್ಮಿನ ಪ್ರಾಜೆಕ್ಟ್ ಹೇಗಿತ್ತೋ ಹಾಗೇ ಬರೆದು ತೋರಿಸು ಎಂದೆ. ಬೀಜ ಮೊಳೆಯುವುದನ್ನು ದಿನದಿನವೂ ನೋಡಿ ಬರೆಯುವ ಪ್ರಾಜೆಕ್ಟ್ ಅದು. ಅವನು ಎರಡು ಕುಂಡ ಬರೆದ. ಒಂದರಲ್ಲಿ ಗಿಡ, ಇನ್ನೊಂದರಲ್ಲಿ ಬರೀ ಮಣ್ಣು.

"ಒಂದೇ ಕುಂಡ ಅಲ್ವೇನೋ ಇದ್ದಿದ್ದು?" ಎಂದರು ಅಪ್ಪ.

ಹುಡುಗ ಮಣ್ಣಿನ ಕುಂಡದ ಮೇಲೆ ಬೆರಳಿಟ್ಟ. "ಇದು ನಂದು. ಅದು ಅಪ್ಪ ತಂದಿದ್ದು."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ಒಪ್ಪಿಸುವ ದಿನ ಹತ್ತಿರ ಬಂದರೂ ಬೀಜ ಮೊಳೆತಿರಲಿಲ್ಲ, ಮಗ ಸಪ್ಪಗಿದ್ದ. ಅವನು ಮಲಗಿದ ಮೇಲೆ ಮೊಳಕೆ ಬಂದಿದ್ದ ಬೇರೆ ಕುಂಡ ತಂದು ಅದೇ ಜಾಗದಲ್ಲಿಟ್ಟರು. "ಇವನಿಗೆ ಬೇಜಾರಾಗಬಾರದು ಅಂತ ಮಾಡಿದ್ದು ಮೇಡಂ. ಗೊತ್ತೇ ಆಗಿಲ್ಲ ಅಂದುಕೊಂಡಿದ್ದೆ."

"ನಾನು ಮೂರು ಬೀಜ ಹಾಕಿದ್ದೆ, ಅಂಚಿಗೆ," ಎಂದ ಹುಡುಗ. "ಅದರಲ್ಲಿ ನಡುವೆ ಒಂದೇ ಇತ್ತು."

ಯಾಕಪ್ಪಾ ಹೇಳಲಿಲ್ಲ ಎಂದು ಅಮ್ಮ ಕೇಳಿದರು. ಶಾಲೆಯಲ್ಲಿ ಎಲ್ಲರೂ ಚೆನ್ನಾಗಿದೆ ಅಂದರಂತೆ, ಅದಕ್ಕೆ ಹೇಳಲಿಲ್ಲವಂತೆ. ಆಮೇಲೆ ಅವನಾಗಿಯೇ ಇನ್ನೊಂದು ಮಾತು ಸೇರಿಸಿದ: "ನನ್ನ ಬೀಜ ಯಾಕೆ ಬರಲಿಲ್ಲ ಅಂತ ಅಗೆದು ನೋಡಬೇಕು ಅಂತಿದ್ದೆ. ಎಸೆದುಬಿಟ್ಟಿದ್ರು."

ನನ್ನನ್ನು ಈಗಲೂ ಕಾಡುವುದು ಈ ಮಾತು. ಮಗನಿಗೆ ಸೋತ ನೋವು ಎಂದು ಅಪ್ಪ ತಿಳಿದಿದ್ದರು. ಅವನಲ್ಲಿದ್ದದ್ದು ಒಂದು ಪ್ರಶ್ನೆ. ಬೀಜ ಮೊಳೆಯುವುದನ್ನು ಗಮನಿಸಿ ಎಂದು ಶಾಲೆ ಕೇಳಿದ್ದು ಇಂಥ ಪ್ರಶ್ನೆ ಹುಟ್ಟಲಿ ಎಂದೇ ಅಲ್ಲವೇ? ತಾನು ಮಾಡಿದ್ದು ಸರಿ ಬರದಿದ್ದರೆ ದೊಡ್ಡವರು ರಾತ್ರೋರಾತ್ರಿ ಬದಲಿಸಿಬಿಡುತ್ತಾರೆ ಎಂದು ಒಮ್ಮೆ ಮನಗಂಡ ಮಗು ಮುಂದಿನ ಸಲ ಯಾಕೆ ಕೈ ಹಚ್ಚಬೇಕು? ಅವನ ಹಟ ನನಗೆ ನ್ಯಾಯವಾಗಿಯೇ ಕಂಡಿತು. ಅದನ್ನು ಅವನೆದುರೇ ಹೇಳಿದೆ.

ಎಷ್ಟು ನೀರು ಹಾಕುತ್ತಿದ್ದೆ ಎಂದು ಕೇಳಿದೆ. ಬೆಳಿಗ್ಗೆ, ಶಾಲೆಯಿಂದ ಬಂದ ಮೇಲೆ, ಮಲಗುವ ಮುಂಚೆ, ನೆನಪಾದಾಗಲೆಲ್ಲ. ಬೀಜಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಒಳಗಿನ ಬೀಜಕ್ಕೆ ಉಸಿರಾಡಲು ಆಮ್ಲಜನಕ ಸಿಗದೆ ಕೊಳೆಯುತ್ತದೆ. ಹೀಗಾಗಿರಬಹುದು ಎಂದಾಗ ಅವನು ಕುರ್ಚಿಯ ತುದಿಗೆ ಬಂದ. "ಹಾಗಾದ್ರೆ ಕಮ್ಮಿ ನೀರು ಹಾಕಿದ್ರೆ ಬರುತ್ತಾ?"

ಉತ್ತರ ನಾನು ಹೇಳಲಿಲ್ಲ. ಮನೆಯಲ್ಲಿ ಎರಡು ಕುಂಡ ಇಡಲು ಹೇಳಿದೆ: ಒಂದರಲ್ಲಿ ಸದಾ ನೀರು ನಿಂತಿರಲಿ, ಇನ್ನೊಂದರಲ್ಲಿ ಮಣ್ಣು ಬರೀ ಒದ್ದೆಯಾಗಿರಲಿ. ಬರೆಯುವವನು ಅವನೇ, ಅಗೆದು ನೋಡುವವನೂ ಅವನೇ. ತಂದೆತಾಯಿ ಕುಂಡಗಳನ್ನು ಮುಟ್ಟಬಾರದು.

ಇದು ಅತಿಯಾಯಿತು, ಎಂಟು ವರ್ಷದ ಮಗುವನ್ನು ಒಂಟಿಯಾಗಿ ಬಿಡಲಾದೀತೇ ಎಂದು ಕೆಲವರಿಗೆ ಅನ್ನಿಸಬಹುದು. ಒಂಟಿಯಾಗಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಸಂಶೋಧಕರು, ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ಕಲಿಸುವವರು ಹೇಗೆ ನೆರವಾಗುತ್ತಾರೆಂದು ಗಮನಿಸಿದರು. ಕೆಲಸವನ್ನು ಮಗುವಿಗೆ ನಿಭಾಯಿಸುವಷ್ಟಕ್ಕೆ ಚಿಕ್ಕದು ಮಾಡುವುದು, ಬೇಸತ್ತಾಗ ಜೊತೆಗಿರುವುದು, ಮಗು ತಾನೇ ಮಾಡಬಲ್ಲದ್ದನ್ನು ಅದಕ್ಕೇ ಬಿಡುವುದು, ಇವೇ ಅಲ್ಲಿ ಕಂಡ ನೆರವು. ಆ ನೆರವಿಗೆ ಅವರು ಕಟ್ಟಡದ ಸಾರುವೆಯ ಹೆಸರನ್ನೇ ಕೊಟ್ಟರು. ಈ ತಂದೆತಾಯಿಗೆ ನಾನು ಹೇಳಿದ್ದೂ ಇದೇ. ಕ್ಯಾಲೆಂಡರಿನಲ್ಲಿ ಕೆಲಸವನ್ನು ದಿನಕ್ಕಿಷ್ಟು ಎಂದು ಹಂಚಿಕೊಡಿ. ಸಾಮಾನು ಜೋಡಿಸಿಕೊಡಿ. ಚೂಪು ಕತ್ತರಿಯ ಕೆಲಸ ನಿಮ್ಮದಾಗಲಿ. "ಮುಂದೇನು ಮಾಡ್ತೀಯ?" ಎಂದು ಕೇಳಿ ಕಾಯಿರಿ, ಉತ್ತರ ಬರುವುದು ತಡವಾದರೂ ಕಾಯಿರಿ. ಅಂಟು ಸೊಟ್ಟಗೆ ಬಿದ್ದರೆ ಬಿದ್ದಿರಲಿ.

"ಬೇರೆ ಮಕ್ಕಳದ್ದೆಲ್ಲ ಮನೆಯವರೇ ಮಾಡಿ ಕಳಿಸ್ತಾರೆ. ಇವನದೊಂದೇ ಕಳಪೆಯಾಗಿ ಕಂಡರೆ?" ಎಂದು ಅಪ್ಪ ಕೇಳಿದರು. ಅವರ ಭಯ ಸುಳ್ಳಲ್ಲ. ಸಾಲಾಗಿ ಇಟ್ಟ ಹೊಳೆಯುವ ಮಾಡೆಲ್‌ಗಳ ನಡುವೆ ಮಗುವಿನ ಕೈಕೆಲಸ ಸಪ್ಪೆಯಾಗಿ ಕಾಣುತ್ತದೆ, ಅಂಕ ಕಡಿಮೆ ಬಂದರೂ ಬರಬಹುದು. ಆದರೂ ನನ್ನ ಸಲಹೆ ಬದಲಾಗುವುದಿಲ್ಲ. ದೊಡ್ಡವರ ಕೆಲಸ ನೋಡಿ ಅಂಕ ಕೊಟ್ಟರೆ ಈ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಶಿಕ್ಷಕರಿಗೆ ತಿಳಿಯುವುದಾದರೂ ಹೇಗೆ? ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ "ಅಪ್ಪ ಕತ್ತರಿಸಿಕೊಟ್ಟರು, ಉಳಿದದ್ದು ನಾನು" ಎಂಬಂತೆ ಒಂದು ಸಾಲು ಮಗುವಿನ ಕೈಯಲ್ಲೇ ಬರೆಸಿ ಎಂದೆ. ಟೀಚರಿಗೂ ತಂದೆತಾಯಿಯ ಒಪ್ಪಿಗೆ ಪಡೆದು ಒಂದು ಪತ್ರ ಬರೆದೆ: ಮೊಳೆಯದ ಬೀಜದ ದಾಖಲೆಯನ್ನೂ ಪೂರ್ತಿ ಪ್ರಾಜೆಕ್ಟ್ ಎಂದೇ ಪರಿಗಣಿಸಿ, ಮಾಡೆಲ್‌ಗಿಂತ ಅದರ ಬಗ್ಗೆ ಮಗು ಹೇಳುವ ಮಾತಿಗೆ ಹೆಚ್ಚು ಬೆಲೆ ಕೊಡಿ ಎಂದು. ಅವರು ಒಪ್ಪಿದರು. ಸಾಧ್ಯವಿರುವ ಶಾಲೆಗಳು ಪ್ರಾಜೆಕ್ಟಿನ ಒಂದಷ್ಟು ಭಾಗವನ್ನಾದರೂ ತರಗತಿಯಲ್ಲೇ ಮಾಡಿಸಬೇಕು. ಮನೆಯಲ್ಲಿ ಬಿಡುವೇ ಇಲ್ಲದ ತಂದೆತಾಯಿಯ ಮಕ್ಕಳಿಗೆ ಆಗ ಮಾತ್ರ ನ್ಯಾಯ ಸಿಗುತ್ತದೆ.

ಮುಂದಿನ ಟರ್ಮಿನಲ್ಲಿ ಹಕ್ಕಿಗಳನ್ನು ಗಮನಿಸಿ ಬರೆಯುವ ಪ್ರಾಜೆಕ್ಟ್ ಬಂತು. ಹುಡುಗ ಮೊದಲ ದಿನವೇ ನೋಟ್ ಪುಸ್ತಕ ತೆಗೆದುಕೊಂಡು ಕೂತಿದ್ದಾನೆಂದು ತಿಳಿಸಲು ಅಪ್ಪ ಫೋನ್ ಮಾಡಿದ್ದರು. ಜೊತೆಗೊಂದು ಪ್ರಶ್ನೆಯೂ ಇತ್ತು: ಕಾಗುಣಿತ ತುಂಬ ತಪ್ಪುತ್ತಾನೆ, ಅದನ್ನಾದರೂ ತಿದ್ದಬಹುದೇ? ತಿದ್ದಬಹುದು ಎಂದೆ. ಆದರೆ ಅವನ ಹಾಳೆಯ ಮೇಲಲ್ಲ. ಸರಿಯಾದ ಪದಗಳನ್ನು ಬೇರೆ ಚೀಟಿಯಲ್ಲಿ ಬರೆದು ಅವನ ಪಕ್ಕದಲ್ಲಿಡಿ, ಯಾವುದನ್ನು ತಿದ್ದಿಕೊಳ್ಳಬೇಕೆಂದು ಅವನೇ ಹುಡುಕಿಕೊಳ್ಳಲಿ.