ಸ್ಟಾಲ್, ತಿರುವು, ಬೇಸಿಗೆಯ ಟೇಕಾಫ್: ಬದಿಯಡ್ಕದ ತಂಗಿಯ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ನಡುವೆ ಬಂದ ಹತ್ತಾರು ಉತ್ತರಗಳಲ್ಲಿ ಮೂಲ ಪ್ರಶ್ನೆ ಚದುರಿಹೋಗಿರುವುದರಿಂದ ಅದನ್ನು ಮೊದಲು ಒಟ್ಟಾಗಿ ಹೇಳುತ್ತೇನೆ. ಬದಿಯಡ್ಕದ ತಂಗಿ ಮಹಾರಾಷ್ಟ್ರದ ಒಳನಾಡಿನಲ್ಲಿ ಸೆಸ್ನಾ 152 ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದಾರೆ, ಇನ್ನೂ ಒಬ್ಬರೇ ಹಾರಿಲ್ಲ. ಕಡಿದಾದ ತಿರುವಿನಲ್ಲಿ ವೇಗ 60 ನಾಟ್ (ಗಂಟೆಗೆ ಸುಮಾರು 110 ಕಿ.ಮೀ.) ಆಸುಪಾಸಿನಲ್ಲಿದ್ದಾಗಲೇ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದರ, ಎಚ್ಚರಿಕೆಯ ಹಾರ್ನ್ ಕೂಗಿತು, ಕೈಪಿಡಿಯ ಸ್ಟಾಲ್ ವೇಗ ಅದಕ್ಕಿಂತ ಎಷ್ಟೋ ಕಡಿಮೆಯಿದೆ, ಹಾಗಾದರೆ ಯಾವುದನ್ನು ನಂಬಬೇಕು ಎಂಬುದು ಅವರ ಮೊದಲ ಪ್ರಶ್ನೆ. ಡಿಸೆಂಬರಿನಲ್ಲಿ ಬೇಗ ನೆಲ ಬಿಡುತ್ತಿದ್ದ ಅದೇ ವಿಮಾನ ಮೇ ತಿಂಗಳಲ್ಲಿ ರನ್‌ವೇಯ ಮೇಲೆ ಅಷ್ಟು ದೂರ ಓಡುವುದೇಕೆ ಎಂಬುದು ಎರಡನೆಯದು. ಕೆಲವು ವರ್ಷ ಹಾರಾಟದ ಬೋಧಕನಾಗಿದ್ದು ಈಗ ಊರಿಗೆ ಮರಳಿರುವ ನಾನು ಇವೆರಡಕ್ಕೂ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಎರಡರ ಬೇರೂ ಒಂದೇ ಕಡೆ ಇದೆ.

ತಂಗಿ, ರೆಕ್ಕೆ ಸ್ಟಾಲ್ ಆಗುವುದು ಒಂದು ನಿರ್ದಿಷ್ಟ ಕೋನದಲ್ಲಿ. ರೆಕ್ಕೆಯ ಮುಂಬದಿಯ ಅಂಚಿನಿಂದ ಹಿಂಬದಿಯ ಅಂಚಿಗೆ ಎಳೆದ ರೇಖೆಗೂ ಎದುರಿನಿಂದ ಬರುವ ಗಾಳಿಗೂ ನಡುವೆ ಇರುವ ಆ ಕೋನವನ್ನೇ ನಿಮ್ಮ ಪಾಠದಲ್ಲಿ ಆ್ಯಂಗಲ್ ಆಫ್ ಅಟ್ಯಾಕ್ ಎನ್ನುತ್ತಾರೆ. ತೋಟದಿಂದ ಬರುವ ಜೀಪಿನ ಹಿಂಬದಿಯಲ್ಲಿ ನಿಂತು ಅಡಿಕೆ ಹಾಳೆಯೊಂದನ್ನು ಗಾಳಿಗೆ ಸ್ವಲ್ಪ ಓರೆಯಾಗಿ ಹಿಡಿದರೆ ಅದು ಕೈಯನ್ನು ಮೇಲಕ್ಕೆತ್ತುತ್ತದೆ. ಓರೆಯನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದ ಬಳಿಕ ಎತ್ತುವುದು ನಿಂತು, ಹಾಳೆ ಅದುರುತ್ತ ಕೈಯನ್ನು ಹಿಂದಕ್ಕಷ್ಟೇ ತಳ್ಳುತ್ತದೆ. ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಆ ಹಂತದಲ್ಲಿ ಮೈ ಬಿಟ್ಟು ಸುಳಿಸುಳಿಯಾಗುತ್ತದೆ. ತರಬೇತಿಯ ಸಣ್ಣ ವಿಮಾನಗಳಲ್ಲಿ ಇದು ಸಾಮಾನ್ಯವಾಗಿ 15ರಿಂದ 18 ಡಿಗ್ರಿಯ ಆಸುಪಾಸಿನಲ್ಲಿ ಆಗುತ್ತದೆ. ವೇಗ ಎಷ್ಟೇ ಇರಲಿ, ಭಾರ ಎಷ್ಟೇ ಇರಲಿ, ಮೂತಿ ದಿಗಂತದ ಮೇಲಿರಲಿ ಕೆಳಗಿರಲಿ, ಆ ಕೋನ ದಾಟಿದರೆ ಸ್ಟಾಲ್ ಆಗಿಯೇ ಆಗುತ್ತದೆ.

ನಡುವಿನ ಉತ್ತರಗಳಲ್ಲಿ ಮಾಸ್ತರರೊಬ್ಬರು ಬರೆದ ಒಂದು ಮಾತನ್ನು ಇಲ್ಲಿ ಗೌರವದಿಂದಲೇ ತಿದ್ದಬೇಕಾಗಿದೆ. ರೆಕ್ಕೆಯ ಮೇಲ್ಮೈಯ ದಾರಿ ಉದ್ದವಾದುದರಿಂದ, ಹಿಂಬದಿಯ ಅಂಚಿನಲ್ಲಿ ಕೆಳಗಿನ ಗಾಳಿಯನ್ನು ಕೂಡಿಕೊಳ್ಳಲು ಮೇಲಿನ ಗಾಳಿ ಬೇಗ ಹರಿಯುತ್ತದೆ ಎಂಬ ವಿವರಣೆ ಹಲವು ಶಾಲಾ ಪುಸ್ತಕಗಳಲ್ಲಿ ಬಂದಿದೆ. ಆದರೆ ಎರಡೂ ಗಾಳಿ ಒಟ್ಟಿಗೆ ತಲುಪಬೇಕೆಂಬ ನಿಯಮವೇನೂ ಇಲ್ಲ. ವಿಂಡ್ ಟನೆಲ್‌ನಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂಬದಿಯನ್ನು ತಲುಪುವುದು ಕಾಣುತ್ತದೆ; ಮೇಲೂ ಕೆಳಗೂ ಒಂದೇ ರೀತಿ ಬಾಗಿರುವ ರೆಕ್ಕೆಗಳೂ ಚೆನ್ನಾಗಿಯೇ ಹಾರುತ್ತವೆ. ಮೇಲೆ ಒತ್ತಡ ಕಡಿಮೆಯಾಗುತ್ತದೆ ಎಂಬ ಬರ್ನೌಲಿಯ ಮಾತೂ, ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುವುದರಿಂದ ತಾನು ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ ಎಂಬ ನ್ಯೂಟನ್ನನ ಮಾತೂ ಒಂದೇ ಘಟನೆಯ ಎರಡು ಲೆಕ್ಕಗಳು. ಪೈಲಟ್ ಆಗುವವರಿಗೆ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಗಾಳಿಯನ್ನು ಎಷ್ಟು ತಿರುಗಿಸಬೇಕೆಂಬುದನ್ನು ನಿರ್ಧರಿಸುವುದು ನೀವು ಯೋಕನ್ನು (ಕೈಯಲ್ಲಿ ಹಿಡಿಯುವ ಚುಕ್ಕಾಣಿಯನ್ನು) ಎಳೆಯುವ ಕೈ.

ಈಗ ಹಾರ್ನ್‌ನ ವಿಷಯ. ಹಾರುವ ಮುಂಚಿನ ತಪಾಸಣೆಯಲ್ಲಿ ಎಡ ರೆಕ್ಕೆಯ ಮುಂಬದಿಯ ಅಂಚಿನಲ್ಲಿರುವ ಪುಟ್ಟ ಕಂಡಿಯನ್ನು ನೀವು ನೋಡಿರುತ್ತೀರಿ. ಅದರ ಮೇಲೆ ಶುಚಿಯಾದ ಕರವಸ್ತ್ರವಿಟ್ಟು ಬಾಯಿಂದ ಗಾಳಿ ಹೀರಿದರೆ ಒಳಗಿನ ಪೀಪಿ ಕೂಗುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ, ವೇಗದ ಮಾಪಕದೊಂದಿಗೆ ಯಾವ ಸಂಬಂಧವೂ ಇಲ್ಲ. ರೆಕ್ಕೆಯ ಕೋನ ಹೆಚ್ಚಿದಂತೆ ಗಾಳಿ ಎರಡಾಗಿ ಸೀಳುವ ಬಿಂದು ಅಂಚಿನ ಕೆಳಭಾಗಕ್ಕೆ ಸರಿಯುತ್ತದೆ, ಆಗ ಮೇಲಿನ ಕಡಿಮೆ ಒತ್ತಡದ ವಲಯ ಆ ಕಂಡಿಯವರೆಗೆ ಚಾಚಿಕೊಂಡು ಗಾಳಿಯನ್ನು ಹೀರತೊಡಗುತ್ತದೆ. ಅಂದರೆ ಹಾರ್ನ್ ಅಳೆಯುವುದು ಕೋನವನ್ನು. ಯಾವುದನ್ನು ನಂಬಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ: ಆ ಕ್ಷಣದಲ್ಲಿ ಹಾರ್ನನ್ನೇ ನಂಬಿರಿ.

ಹಾಗೆಂದು ಕೈಪಿಡಿ ಸುಳ್ಳು ಹೇಳುತ್ತಿಲ್ಲ. ವೇಗದ ಮಾಪಕದ ಹಸಿರು ಪಟ್ಟಿಯ ಕೆಳತುದಿ ತೋರಿಸುವುದು ಗರಿಷ್ಠ ಭಾರದಲ್ಲಿ, ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ) ಇಳಿಸದೆ, ರೆಕ್ಕೆಗಳನ್ನು ಮಟ್ಟವಾಗಿಟ್ಟುಕೊಂಡು ನೇರವಾಗಿ ಹಾರುವಾಗಿನ ಸ್ಟಾಲ್ ವೇಗವನ್ನು. ತಿರುವಿನಲ್ಲಿ ಈ ಷರತ್ತು ಮುರಿಯುತ್ತದೆ. ವಿಮಾನವನ್ನು ಓರೆ ಮಾಡಿದಾಗ ಲಿಫ್ಟ್‌ನ (ಮೇಲಕ್ಕೆತ್ತುವ ಬಲದ) ಒಂದು ಪಾಲು ವಿಮಾನವನ್ನು ತಿರುಗಿಸಲು ಹೋಗುವುದರಿಂದ, ಎತ್ತರ ಕಳೆದುಕೊಳ್ಳದಿರಲು ಒಟ್ಟು ಲಿಫ್ಟ್ ಹೆಚ್ಚಬೇಕು, ಅದಕ್ಕಾಗಿ ನೀವು ಯೋಕ್ ಎಳೆಯುತ್ತೀರಿ. 45 ಡಿಗ್ರಿ ಬ್ಯಾಂಕ್‌ನಲ್ಲಿ, ಅಂದರೆ ಓರೆಯಲ್ಲಿ, ರೆಕ್ಕೆಗಳು ವಿಮಾನದ ಭಾರದ 1.41 ಪಟ್ಟು ಹೊರುತ್ತವೆ, 60 ಡಿಗ್ರಿಯಲ್ಲಿ ಸರಿಯಾಗಿ ಎರಡು ಪಟ್ಟು. ಸ್ಟಾಲ್ ವೇಗ ಇದರ ವರ್ಗಮೂಲದಂತೆ ಏರುತ್ತದೆ. ಲೆಕ್ಕಕ್ಕೆಂದು ನೇರ ಹಾರಾಟದ ಸ್ಟಾಲ್ ವೇಗ 50 ನಾಟ್ ಎಂದಿಟ್ಟುಕೊಂಡರೆ, ಮಟ್ಟದ ತಿರುವಿನಲ್ಲಿ ಅದು 30 ಡಿಗ್ರಿಗೆ ಸುಮಾರು 54, 45 ಡಿಗ್ರಿಗೆ ಸುಮಾರು 59, 60 ಡಿಗ್ರಿಗೆ ಸುಮಾರು 71 ನಾಟ್ ಆಗುತ್ತದೆ. ಹಾರ್ನ್ ಇದಕ್ಕೂ 5ರಿಂದ 10 ನಾಟ್ ಮೊದಲೇ ಕೂಗುವಂತೆ ಇರುವುದರಿಂದ ನಿಮಗೆ ಆದ ಅನುಭವದಲ್ಲಿ ಅಚ್ಚರಿಯೇನೂ ಇಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಇದನ್ನು ಎರಡು ಸಲ ಓದಿ. ಸ್ಟಾಲ್ ವೇಗವನ್ನು ಏರಿಸುವುದು ಬ್ಯಾಂಕ್ ತಾನಾಗಿ ಅಲ್ಲ, ಎತ್ತರ ಉಳಿಸಿಕೊಳ್ಳಲೆಂದು ನೀವು ಎಳೆಯುವ ಎಳೆತ. 60 ಡಿಗ್ರಿ ಓರೆಯಲ್ಲಿದ್ದರೂ ಎಳೆಯದೆ ಮೂತಿಯನ್ನು ಕೆಳಗಿಳಿಯಲು ಬಿಟ್ಟರೆ ಹೆಚ್ಚುವರಿ ಹೊರೆ ಬೀಳುವುದಿಲ್ಲ. ಹಾಗಾಗಿ ತಿರುವಿನ ನಡುವೆ ಹಾರ್ನ್ ಕೂಗಿದರೆ ಮಾಡಬೇಕಾದ ಮೊದಲ ಕೆಲಸ ಎಳೆತವನ್ನು ಸಡಿಲಿಸುವುದು. ರೆಕ್ಕೆಗಳನ್ನು ಮಟ್ಟ ಮಾಡುವುದು ಅದರ ನಂತರ.

ಹೊಸಬರಿಗೆ ಅತ್ಯಂತ ಅಪಾಯದ ಜಾಗವೆಂದರೆ ಇಳಿಯಲು ಬರುವಾಗ ರನ್‌ವೇಗೆ ಅಡ್ಡವಾಗಿ ಹಾರುವ ಬೇಸ್‌ನಿಂದ ರನ್‌ವೇಯ ನೇರಕ್ಕೆ ಬರುವ ಫೈನಲ್‌ಗೆ ತಿರುಗುವ ತಿರುವು. ತಿರುವು ಎಡಕ್ಕೆ, ಬೇಸ್‌ನಲ್ಲಿ ಹಿಂದಿನಿಂದ ಗಾಳಿ ಬೀಸುತ್ತಿದೆ ಎನ್ನೋಣ. ವಿಮಾನ ರನ್‌ವೇಯ ಸಾಲನ್ನು ಎಣಿಸಿದ್ದಕ್ಕಿಂತ ಬೇಗ ತಲುಪಿ ದಾಟಿಹೋಗತೊಡಗುತ್ತದೆ. ನೆಲ ಹತ್ತಿರವಿರುವುದರಿಂದ ಬ್ಯಾಂಕ್ ಹೆಚ್ಚಿಸಲು ವಿದ್ಯಾರ್ಥಿಗೆ ಭಯ, ಆದರೂ ಮೂತಿ ರನ್‌ವೇ ಕಡೆಗೆ ಬರಬೇಕು. ಆಗ ಅರಿವಿಲ್ಲದೆಯೇ ಎಡಗಾಲು ಎಡ ರಡ್ಡರನ್ನು (ಮೂತಿಯನ್ನು ಎಡಬಲಕ್ಕೆ ಹೊರಳಿಸುವ ಬಾಲದ ಹಲಗೆಯ ಪೆಡಲನ್ನು) ಒತ್ತುತ್ತದೆ. ಮೂತಿ ಎಡಕ್ಕೆ ಜಾರಿದಂತೆ ಹೊರಗಿನ ಬಲ ರೆಕ್ಕೆ ವೇಗ ಪಡೆದು ಮೇಲೇಳುತ್ತದೆ, ಬ್ಯಾಂಕ್ ತಾನಾಗಿ ಹೆಚ್ಚುತ್ತದೆ, ಅದನ್ನು ತಡೆಯಲು ಯೋಕನ್ನು ಬಲಕ್ಕೆ ತಿರುಗಿಸುತ್ತಾರೆ. ಬಲಕ್ಕೆ ತಿರುಗಿಸಿದಾಗ ಎಡ ರೆಕ್ಕೆಯ ಐಲರಾನ್ (ರೆಕ್ಕೆಯ ತುದಿಯ ಬಳಿ ಹಿಂಬದಿಯಲ್ಲಿ ಆಡುವ ಹಲಗೆ) ಕೆಳಗಿಳಿದು ಆ ರೆಕ್ಕೆಯ ಕೋನವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಷ್ಟರಲ್ಲಿ ಮೂತಿ ಕೆಳಗಿಳಿಯುವುದು ಕಂಡು ಯೋಕ್ ಎಳೆಯುತ್ತಾರೆ. ಈಗ ಎಡ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಎಡಕ್ಕೆ ಮಗುಚಿ ಗಿರಗಿರನೆ ತಿರುಗುತ್ತ ಕೆಳಗಿಳಿಯುವ ಸ್ಪಿನ್‌ಗೆ ಬೀಳುತ್ತದೆ, 500 ಅಡಿ ಎತ್ತರದಲ್ಲಿ ಅದರಿಂದ ಹೊರಬರಲು ಜಾಗವೇ ಇರುವುದಿಲ್ಲ. ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಉಪಕರಣ ಫಲಕದ ಬಾಲ್ ಆ ಹೊತ್ತಿಗೆ ಬಲಕ್ಕೆ ಸರಿದಿರುತ್ತದೆ; ಆದರೆ ರನ್‌ವೇಯನ್ನೇ ನೋಡುತ್ತಿರುವ ಕಣ್ಣು ಬಾಲ್ ಕಡೆ ಹೋಗುವುದಿಲ್ಲ. ಆದುದರಿಂದ ಸರ್ಕ್ಯೂಟ್‌ನಲ್ಲಿ (ರನ್‌ವೇಯ ಸುತ್ತಿನ ಹಾರಾಟದಲ್ಲಿ) 30 ಡಿಗ್ರಿಗಿಂತ ಹೆಚ್ಚು ಓರೆ ಬೇಡ, ಬಾಲ್ ನಡುವಿನಲ್ಲೇ ಇರಲಿ, ಸಾಲು ದಾಟಿಹೋದರೆ ಹಟ ಹಿಡಿಯದೆ ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ, ಇನ್ನೊಮ್ಮೆ ಬನ್ನಿ. ಇದಕ್ಕಾಗಿ ನಿಮ್ಮನ್ನು ಬೈಯುವ ಬೋಧಕರು ಇರಲಾರರು.

ಗಾಳಿ ಹಿಂದಿನಿಂದ ಬರುವಂತೆ ತಿರುಗಿದ ಕೂಡಲೇ ವಿಮಾನದ ಗಾಳಿವೇಗ ಬಿದ್ದುಹೋಗುತ್ತದೆ ಎಂದು ಮಂಜೇಶ್ವರದಿಂದ ಮಾದರಿ ವಿಮಾನ ಹಾರಿಸುವ ಅಣ್ಣನವರು ಬರೆದಿದ್ದಾರೆ. ಒಂದೇ ಸಮನೆ ಬೀಸುವ ಗಾಳಿಯಲ್ಲಿ ಹಾಗಾಗುವುದಿಲ್ಲ, ಏಕೆಂದರೆ ವಿಮಾನ ಆ ಗಾಳಿಯ ಒಳಗೇ ಚಲಿಸುತ್ತಿರುತ್ತದೆ. ಬದಲಾಗುವುದು ನೆಲಕ್ಕೆ ಹೋಲಿಸಿದ ವೇಗ ಮಾತ್ರ. ಆದರೆ ನೆಲದಲ್ಲಿ ನಿಂತು ನೋಡುವವರಿಗೆ ಮಾದರಿ ವಿಮಾನ ತೀರಾ ಬೇಗ ಹೋಗುವಂತೆ ಕಂಡು, ಅವರು ಥ್ರಾಟಲ್ ಇಳಿಸಿ, ಮೂತಿ ಎತ್ತುವ ಎಲಿವೇಟರ್ ಎಳೆಯುತ್ತಾರೆ, ನಿಜವಾಗಿ ಸ್ಟಾಲ್ ತರುವುದು ಅದೇ. ವಿಮಾನದೊಳಗೆ ಕುಳಿತು ಕೆಳಮಟ್ಟದಲ್ಲಿ ಹಾರುವವರಿಗೂ ಇದೇ ಭ್ರಮೆ ಕಾಡುತ್ತದೆ. ಗಾಳಿ ಹಠಾತ್ತನೆ ಬದಲಾಗುವ ಮಳೆಮೋಡದ ಬುಡದ ಸಂಗತಿ ಬೇರೆ, ಅಲ್ಲಿಗೆ ವಿದ್ಯಾರ್ಥಿಗಳು ಹೋಗಲೇಬಾರದು.

ಸ್ಟಾಲ್‌ನಿಂದ ಹೊರಬರುವಾಗಲೂ ಕೋನವೇ ಮೊದಲು. ಯೋಕನ್ನು ಮುಂದಕ್ಕೆ ಬಿಟ್ಟು ಕೋನ ಇಳಿಸಿ, ಬಳಿಕ ಪೂರ್ಣ ಪವರ್ ಕೊಡಿ. ಬೀಳುತ್ತಿರುವ ರೆಕ್ಕೆಯನ್ನು ಐಲರಾನ್‌ನಿಂದ ಎತ್ತಲು ಹೋಗದೆ ರಡ್ಡರ್‌ನಿಂದ ತಡೆಯಿರಿ. ಅನುಭವಿಗಳೂ ಇದನ್ನು ಮರೆಯಬಲ್ಲರು ಎಂಬುದಕ್ಕೆ 2009ರ ಮೇ 31ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟು ಜೂನ್ 1ರಂದು ಪತನಗೊಂಡ ಏರ್ ಫ್ರಾನ್ಸ್ 447 ನಮ್ಮ ಮುಂದಿದೆ. ಗಾಳಿವೇಗ ಅಳೆಯುವ ಪಿಟೊ ನಳಿಕೆಗಳಲ್ಲಿ ಹಿಮ ಕಟ್ಟಿ ವೇಗದ ಅಂಕಿಗಳು ಕೈಕೊಟ್ಟವು, ಆಟೊಪೈಲಟ್ ಕಳಚಿಕೊಂಡಿತು, ಮೂತಿಯನ್ನು ಎತ್ತಿದ್ದರಿಂದ ವಿಮಾನ ಸುಮಾರು 38,000 ಅಡಿಗೆ ಏರಿ ಸ್ಟಾಲ್ ಆಯಿತು. ಎಂಜಿನ್‌ಗಳು ಕೆಲಸ ಮಾಡುತ್ತಿದ್ದವು, ಮೂತಿ ಹೆಚ್ಚು ಹೊತ್ತು ದಿಗಂತಕ್ಕಿಂತ ಮೇಲೆಯೇ ಇತ್ತು, ಆದರೆ ವಿಮಾನ ಕೆಳಕ್ಕೆ ಬೀಳುತ್ತಿದ್ದುದರಿಂದ ಗಾಳಿ ಕೆಳಗಿನಿಂದ ಬರುತ್ತಿತ್ತು, ಕೋನ 35 ಡಿಗ್ರಿಯನ್ನೂ ಮೀರಿತ್ತು. 228 ಮಂದಿ ಜೀವ ಕಳೆದುಕೊಂಡರು. ಮೂತಿ ಎಲ್ಲಿ ನೋಡುತ್ತಿದೆ ಎಂಬುದೂ ರೆಕ್ಕೆಗೆ ಗಾಳಿ ಎಲ್ಲಿಂದ ತಾಗುತ್ತಿದೆ ಎಂಬುದೂ ಬೇರೆಬೇರೆ ಎಂದು ನಾನು ಪ್ರತಿ ವಿದ್ಯಾರ್ಥಿಗೂ ಒತ್ತಿ ಹೇಳುತ್ತಿದ್ದುದು ಇದಕ್ಕಾಗಿಯೇ.

ಇನ್ನು ಬೇಸಿಗೆಯ ಟೇಕಾಫ್. ರೆಕ್ಕೆಗೆ ಬೇಕಾದುದು ಗಾಳಿಯ ತಾಗುವಿಕೆ, ವೇಗದ ಮಾಪಕವೂ ಅದನ್ನೇ ತೋರಿಸುತ್ತದೆ. ಹಾಗಾಗಿ ಮಾಪಕದ ಮೇಲಿನ ಸ್ಟಾಲ್ ವೇಗವಾಗಲಿ, ಮೂತಿ ಎತ್ತುವ ವೇಗವಾಗಲಿ ಬಿಸಿಲಿಗೂ ಎತ್ತರಕ್ಕೂ ಬದಲಾಗುವುದಿಲ್ಲ. ಗಾಳಿ ತೆಳುವಾದಾಗ ಅದೇ ಅಂಕಿ ಬರಲು ಚಕ್ರಗಳು ನೆಲದ ಮೇಲೆ ಹೆಚ್ಚು ವೇಗವಾಗಿ ಓಡಬೇಕು, ಅಷ್ಟೇ ವ್ಯತ್ಯಾಸ. ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ ಪ್ರಮಾಣಿತ ಉಷ್ಣತೆ 15 ಡಿಗ್ರಿ, ಪ್ರತಿ 1000 ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ ಊರಿನ ಎತ್ತರಕ್ಕೆ 120 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ತೆಳುವಿನ ಲೆಕ್ಕದಲ್ಲಿ ವಿಮಾನದ ಪಾಲಿನ ಎತ್ತರ, ಸಿಗುತ್ತದೆ. ಉದಾಹರಣೆಗೆ, ಮಹಾರಾಷ್ಟ್ರದ ಸೊಲ್ಲಾಪುರದ ಎತ್ತರ ಸುಮಾರು 1500 ಅಡಿ, ಅಲ್ಲಿ ಪ್ರಮಾಣಿತ ಉಷ್ಣತೆ 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದರೆ ವಿಮಾನದ ಪಾಲಿಗೆ ಅದು 5100 ಅಡಿ ಎತ್ತರದ ಊರು. 18 ಡಿಗ್ರಿಯ ಡಿಸೆಂಬರ್ ಬೆಳಗಿನಲ್ಲಿ ಅದೇ ನೆಲ ಸುಮಾರು 2200 ಅಡಿ. ಹೊಸೂರಿನಲ್ಲಿ ಹಾರುವ ಗೆಳೆಯರು ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ 35 ಡಿಗ್ರಿಯಲ್ಲೇ 6000 ಅಡಿ ದಾಟುತ್ತಾರೆ. ನಮ್ಮ ಕಾಸರಗೋಡಿನ ಕರಾವಳಿಯೂ 33 ಡಿಗ್ರಿಯಲ್ಲಿ 2100 ಅಡಿ ಮೀರುತ್ತದೆ, ಜೊತೆಗೆ ನೀರಾವಿ ಒಣ ಗಾಳಿಗಿಂತ ಹಗುರವಾದುದರಿಂದ ಇಲ್ಲಿನ ಸೆಕೆ ಇನ್ನೂ ಸ್ವಲ್ಪ ಸೇರಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ ತೆಳುಗಾಳಿಯಲ್ಲಿ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ಪ್ರೊಪೆಲ್ಲರ್‌ನ ಹಿಡಿತವೂ ಕುಗ್ಗುತ್ತದೆ. ಓಟ ಉದ್ದವಾಯಿತೆಂದು ಗಾಬರಿಯಾಗಿ ಬೇಗ ಮೂತಿ ಎತ್ತಿದರೆ ವಿಮಾನ ನೆಲದ ಸಮೀಪದ ಗಾಳಿಯ ಆಸರೆಯಲ್ಲಿ ಏಳುತ್ತದೆ, ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದದಷ್ಟು ಎತ್ತರಕ್ಕೆ ಹೋಗುವಷ್ಟರಲ್ಲಿ ಆ ಆಸರೆ ತಪ್ಪಿ ಮತ್ತೆ ಕೆಳಗೆ ಕೂರುತ್ತದೆ. ಕೈಪಿಡಿಯ ಪಟ್ಟಿಯಲ್ಲಿ ಆ ದಿನದ ಉಷ್ಣತೆಗೆ ಓಟ ಎಷ್ಟೆಂದು ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.

ಕೊನೆಗೆ, ನೀವು ಕೇಳದಿದ್ದರೂ ಬೇಗನೆ ಬೇಕಾಗುವ ಒಂದು ಮಾತು. ಮೊದಲ ಸೋಲೊ ದಿನ ಬೋಧಕರು ಇಳಿದುಹೋದಾಗ, 757 ಕಿಲೋ ಗರಿಷ್ಠ ಭಾರದ ಆ ಪುಟ್ಟ ವಿಮಾನದಿಂದ ಹತ್ತನೆಯ ಒಂದು ಪಾಲಿನಷ್ಟು ಭಾರ ಇಳಿಯುತ್ತದೆ. ಸ್ಟಾಲ್ ವೇಗ ಭಾರದ ವರ್ಗಮೂಲದಂತೆ ಬದಲಾಗುವುದರಿಂದ ಅದು ಶೇಕಡ 5ರಷ್ಟು ಕಡಿಮೆಯಾಗುತ್ತದೆ. ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ, ಬೇಗ ಏರುತ್ತದೆ, ಸರ್ಕ್ಯೂಟ್ ಎತ್ತರ ನೀವು ಎಣಿಸಿದ ಜಾಗಕ್ಕಿಂತ ಮೊದಲೇ ಬರುತ್ತದೆ. ಇಳಿಯುವಾಗ ಎಂದಿನ ವೇಗದಲ್ಲೇ ಬಂದರೆ ನೆಲಕ್ಕೆ ತಾಗದೆ ತೇಲುತ್ತ ಮುಂದೆ ಹೋಗುತ್ತದೆ. ಆಗ ಯೋಕನ್ನು ಮುಂದಕ್ಕೆ ತಳ್ಳಿ ಚಕ್ರವನ್ನು ಬಲವಂತವಾಗಿ ಊರಬೇಡಿ. ಥ್ರಾಟಲ್ ಪೂರ್ತಿ ಹಿಂದಿದೆಯೇ ಎಂದು ಖಚಿತಪಡಿಸಿಕೊಂಡು, ಮೂತಿಯನ್ನು ಅಲ್ಲೇ ಹಿಡಿದಿಟ್ಟು ವೇಗ ತಾನಾಗಿ ಇಳಿಯುವವರೆಗೆ ಕಾಯಿರಿ, ಮುಂದಿರುವ ರನ್‌ವೇ ಸಾಲದೆಂದು ತೋರಿದರೆ ಪೂರ್ಣ ಪವರ್ ಕೊಟ್ಟು ಗೋ ಅರೌಂಡ್ ಮಾಡಿ.